ಮಧ್ಯಾಹ್ನಕ್ಕೆ ಖಲಾಸ್

ಕಳೆದ ವಾರ ನಮ್ಮ ಪತ್ರಿಕಾ ಕಚೇರಿಯ ಕಿಟಕಿಗೆ ಹೊಸ ಸರಳು ಕೂರಿಸಲು ಇಬ್ಬರು ಬಂದಿದ್ದರು. ವೆಲ್ಡಿಂಗ್ ಶುರುವಾಗುತ್ತಿದ್ದಂತೆ ಸುಟ್ಟ ಕಬ್ಬಿಣದ ವಾಸನೆ ಒಳಗೆಲ್ಲ ತುಂಬಿತು. ಸಹೋದ್ಯೋಗಿಗಳು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಕುಳಿತೇ ಇದ್ದೆ. ಅಫಜಲಪುರದಲ್ಲಿ ವರದಿಗಾರನಾಗಿದ್ದ ವರ್ಷಗಳಲ್ಲಿ ನನ್ನ ಬೆಳಗುಗಳು ಆ ವಾಸನೆಯಲ್ಲೇ ಆರಂಭವಾಗುತ್ತಿದ್ದವು. ಬಾಡಿಗೆ ಕೋಣೆಯ ಕೆಳಗೆ ಒಂದು ವೆಲ್ಡಿಂಗ್ ಅಂಗಡಿ ಇತ್ತು. ಅದರ ಮಾಲೀಕರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ಚಾಚಾ ಬಹಳ ವರ್ಷ ಮಸ್ಕತ್ತಿನಲ್ಲಿ ವೆಲ್ಡರ್ ಆಗಿದ್ದು ಊರಿಗೆ ಮರಳಿದವರು. ಕೊಲ್ಲಿಯಿಂದ ಬರುವವರು ಅತ್ತರು, ಕಂಬಳಿ, ಖರ್ಜೂರ ತರುತ್ತಾರೆ. ಇವರು ಅಲ್ಲಿಯ ಕೆಲಸದ ಒಂದು ರೂಢಿಯನ್ನೂ ತಂದಿದ್ದರು. ಬೇಸಿಗೆಯಲ್ಲಿ ನಡುಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂದು ಅಲ್ಲಿ ಸರ್ಕಾರದ ಕಟ್ಟಳೆಯೇ ಇತ್ತು. ಹೊತ್ತಾದ ಕೂಡಲೇ ಫೋರ್‌ಮನ್ "ಖಲಾಸ್", ಅಂದರೆ ಕೆಲಸ ಮುಗಿಯಿತು ಎಂದು, ಮೊದಲು ತಾನೇ ಕೈಗವಸು ಬಿಚ್ಚುತ್ತಿದ್ದನಂತೆ. ಇಷ್ಟು ಮುಗಿಸಿ ಹೋಗಿ ಎಂದು ಯಾರೂ ಕೇಳುತ್ತಿರಲಿಲ್ಲವಂತೆ.

ಅಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಅವರು ಎಂದೂ ಹೇಳಲಿಲ್ಲ. ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿತ್ತು. ತಾಯಿ ತೀರಿಕೊಂಡಾಗ ರಜೆ ಸಿಗಲಿಲ್ಲ... "ಒಂದ್ ಮಾತ್ ಖರೇ ಹೇಳ್ತೇನಿ ನೋಡ್ರಿ ಪೇಪರ್ ಸಾಹೇಬ್ರ," ಎನ್ನುತ್ತಿದ್ದರು. "ಅಲ್ಲಿ ನಮ್ಮನ್ನ ಮನುಷ್ಯಾರು ಅಂತ ತಿಳದಿದ್ರೋ ಇಲ್ಲೋ ಗೊತ್ತಿಲ್ಲ. ಬಿಸಲಂದ್ರ ಬಿಸಲು ಅಂತ ಮಾತ್ರ ತಿಳದಿದ್ರು."

ಇನ್ನು ಹೊರದೇಶಕ್ಕೆ ಕಾಲಿಡುವುದಿಲ್ಲ ಎಂದು ಹೆಂಡತಿಗೆ, ಅಂದರೆ ನಮ್ಮೆಲ್ಲರ ಚಾಚಿಗೆ, ಮಾತು ಕೊಟ್ಟು ಅವರು ಅಂಗಡಿ ತೆರೆದಿದ್ದರು. ಅಂಗಡಿ ನಡೆದರಷ್ಟೇ ಆ ಮಾತು ಉಳಿಯುವಂತಿತ್ತು. ಟ್ರ್ಯಾಕ್ಟರ್ ಟ್ರಾಲಿಗಳ ಕೆಲಸವೆಲ್ಲ ರಸ್ತೆ ಬದಿಯ ಬಯಲಿನಲ್ಲೇ. ಬಿಸಿಲು ನೆತ್ತಿಗೆ ಬಂತೆಂದರೆ ಚಾಚಾ ಮಷಿನ್ ಆರಿಸಿ "ಖಲಾಸ್" ಎಂದು ಕೂಗುತ್ತಿದ್ದರು. ಇಬ್ಬರು ಕೆಲಸಗಾರರು ಬೇವಿನ ಮರದಡಿ ಉಂಡು ಮಲಗುತ್ತಿದ್ದರು. ಮಲಗಿದ ಹೊತ್ತಿಗೆ ಕೂಲಿ ಮುರಿಯುತ್ತಿರಲಿಲ್ಲ.

ತೊಡಕೆಂದರೆ, ನಮ್ಮ ಕಡೆ ವ್ಯಾಪಾರ ಮುಳುಗಿದರೂ ಖಲಾಸ್, ಮನುಷ್ಯ ಸತ್ತರೂ ಖಲಾಸ್. ಎದುರಿನ ಚಹಾದಂಗಡಿಯವನಿಗೆ ಅದೊಂದು ಚೇಷ್ಟೆ.

"ಚಾಚಾ, ದಿನಾ ಖಲಾಸ್ ಆಗ್ತೀರಿ, ಸಂಜಿಗಿ ಮತ್ತ ಎದ್ದು ಬರ್ತೀರಲ್ರಿ."

"ನಿನ್ನ ಚಾ ಕುಡದು ಬದಕಿದಾಂವ ನಾ. ನನಗೇನ್ ಆಗ್ತದ ತಗೋಲೇ."

ಆ ವರ್ಷ ಕಬ್ಬಿನ ಹಂಗಾಮು ಬೇಸಿಗೆಯವರೆಗೂ ಎಳೆಯಿತು. ಒಂದು ಮಧ್ಯಾಹ್ನ, ಹವಳಗಾದ ಕಾರ್ಖಾನೆಗೆ ಕಬ್ಬು ಸಾಗಿಸುವ ಗುತ್ತಿಗೆದಾರ ಗೌಡರೊಬ್ಬರ ಟ್ರಾಲಿಯ ಕೊಂಡಿ ಅಂಗಡಿಯ ಹತ್ತಿರವೇ ಮುರಿಯಿತು. ಅಂಗಡಿಗೆ ಅವರೇ ದೊಡ್ಡ ಗಿರಾಕಿ. ನಾನು ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದೆ. ಗೌಡರು ನೇರ ಮರದ ಬಳಿ ಬಂದರು.

"ಚಾಚಾ, ಏಳ್ರಿ. ಕಡದ ಕಬ್ಬು ಒಣಗಾಕತ್ತದ. ತೂಕ ಹೋಗ್ತದ."

"ಬರ್ರಿ ಗೌಡ್ರ, ನೆಳ್ಳಾಗ ಕೂಡ್ರಿ. ಬಿಸಲಿಳದ ಮ್ಯಾಗ ನಿಮ್ದೇ ಮದಲು ಮಾಡ್ತೇನಿ."

"ಇದು ಮಸ್ಕತ್ ಅಲ್ರಿ. ಅಫಜಲಪುರ."

"ಅದು ಬಿಸಲಿಗಿ ಗೊತ್ತಿಲ್ರಿ."

ಮಲಗಿದ್ದ ಕೆಲಸಗಾರನೊಬ್ಬ ಎದ್ದು ಕುಳಿತು, "ನಾ ಮಾಡ್ತೇನಿ ಬಿಡ್ರಿ ಚಾಚಾ, ಗಿರಾಕಿ ಹೋಗ್ತದ" ಎಂದ. ಚಾಚಾ ಅವನ ಕಡೆ ತಿರುಗದೆ "ಮಲಕೋಲೇ" ಎಂದರು.

ಗೌಡರದ್ದೂ ತಪ್ಪೆನ್ನಲಾಗದು. ಬಾಡಿಗೆ ಸಿಗುವುದು ಕಬ್ಬಿನ ತೂಕದ ಮೇಲೆ. ಅವರು ಟ್ರಾಲಿಗೆ ಸರಪಳಿ ಬಿಗಿಸಿ ಬಸ್ ನಿಲ್ದಾಣದ ಬಳಿಯ ಇನ್ನೊಂದು ಅಂಗಡಿಗೆ ಎಳೆಸಿಕೊಂಡು ಹೋದರು. ಆಮೇಲೆ ಅವರ ಉಳಿದ ಟ್ರಾಲಿಗಳೂ ಬರಲಿಲ್ಲ. ಬೇರೆ ಗುತ್ತಿಗೆದಾರರೂ ಅತ್ತಲೇ ಹೊರಳಿದರು. ಚಾಚಾನ ಅಂಗಡಿ ಖಲಾಸ್ ಆಯಿತು ಎಂದು ಊರಲ್ಲಿ ಮಾತು ಹಬ್ಬಿತು. ಚಹಾದಂಗಡಿಯವನು ಚೇಷ್ಟೆ ಬಿಟ್ಟ.

ಅವತ್ತೊಂದು ದಿನ ಮಾಡಿಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಕೇಳಿದೆ. "ಒಂದಿನ ಮಾಡಿದ್ರ ದಿನಾ ಮಾಡಬೇಕಾಗ್ತದ್ರಿ," ಎಂದರು. ಸಿಟ್ಟಿರಲಿಲ್ಲ, ದಣಿವಿತ್ತು. ಮಳೆಗಾಲ ಹಿಡಿಯುವ ಮೊದಲೇ ಮಷಿನ್ ಮಾರಿದರು. ಹಳೆಯ ಕಂಪನಿಯವರೇ ಮತ್ತೆ ಕರೆದರು. ಚಾಚಾ ಮಸ್ಕತ್ತಿಗೆಂದು ಬಸ್ಸಿಗೆ ಹೊರಟ ದಿನ ಚಾಚಿ ಬಾಗಿಲಿಗೆ ಬರಲಿಲ್ಲ...

ನನಗೆ ಆಳಂದಕ್ಕೆ, ಅಲ್ಲಿಂದ ಜೇವರ್ಗಿಗೆ ವರ್ಗವಾಯಿತು. ಎಲ್ಲಿದ್ದರೂ ಪ್ರತಿ ಬೇಸಿಗೆ ಬಿಸಿಲಿನ ಸುದ್ದಿ ಬರೆದೆ. ಮಧ್ಯಾಹ್ನ ಹೊರಗೆ ಬರಬೇಡಿ ಎಂಬ ಅಧಿಕಾರಿಗಳ ಸಲಹೆ, ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ರಸ್ತೆ ಅಗೆಯುವವರ ಫೋಟೊ. ಆ ಎರಡನ್ನೂ ಒಂದೇ ಪುಟದಲ್ಲಿ ಇಡುವುದು ನನಗೂ ರೂಢಿಯಾಗಿ ಹೋಯಿತು.

ಹೋದ ವರ್ಷ ಚಾಚಾ ಮಸ್ಕತ್ತಿನಲ್ಲೇ ತೀರಿಕೊಂಡರು. ಹೃದಯಾಘಾತ. ದಫನವೂ ಅಲ್ಲೇ ಆಯಿತು. ಮೊನ್ನೆ ಚೌಡಾಪುರದಲ್ಲಿ ಒಂದು ಕೆಲಸ ಮುಗಿಸಿ ಅಫಜಲಪುರಕ್ಕೆ ಹೋದೆ. ಚಾಚಿ ಒಬ್ಬರೇ ಇದ್ದರು. ಚಹಾ ಕೊಟ್ಟರು. ಹೊರಗೆ ನೆತ್ತಿಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಅವರೇ ಮಾತು ತೆಗೆದರು.

"ಬ್ಯಾಸಿಗ್ಯಾಗ ಅಲ್ಲಿ ಕೆಲಸ ಬಂದ್ ಆದ ಕೂಡ್ಲೆ ಫೋನ್ ಮಾಡ್ತಿದ್ರು ಬೇಟಾ. ದಿನಾ ಇದೇ ಹೊತ್ತಿಗಿ. ಏನ್ ಮಾಡೀದಿ, ಉಂಡೇನು, ಅಷ್ಟೇ ಮಾತು. ಆಮ್ಯಾಗ ಫೋನ್ ಹಿಡಕೊಂಡೇ ನಿದ್ದಿ ಹತ್ತತಿತ್ತು ಅವರಿಗಿ. ನಾ ಬಂದ್ ಮಾಡ್ತಿರಲಿಲ್ಲ. ಗೊರಕಿ ಕೇಳಕೋತ ಕೂಡ್ತಿದ್ದೆ."

ಖಾಲಿ ಕಪ್ಪು ಎತ್ತಿಕೊಳ್ಳುತ್ತ ಹೇಳಿದರು: "ಈಗ ಈ ಹೊತ್ತಿಗಿ ಮನಿ ಬಣಬಣ ಅಂತದ."