ಕಟ್ಟಿಗೆಯ ಹಿಂದಿನ ಹಗ್ಗ

ಖಾನಾಪುರದ ಮಳೆಯನ್ನು ಯಾರಾದರೂ ಹೊಗಳತೊಡಗಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಅವರಿಗೆ ಹಸಿರು ನೆನಪಾಗುತ್ತದೆ, ನನಗೆ ಮುಗ್ಗಲು ವಾಸನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳಗಾವಿಯ ಟಿಳಕವಾಡಿಯಿಂದ ಆ ಊರಿಗೆ ಸೊಸೆಯಾಗಿ ಹೋದವಳು ನಾನು. ಬೆಳಗಾವಿಯಲ್ಲೂ ಮಳೆ ಏನು ಕಡಿಮೆಯಲ್ಲ. ಆದರೆ ತವರಿನ ಮಾಳಿಗೆಯ ಮೇಲೆ ತಗಡಿನ ಮರೆಯಿತ್ತು, ಗಾಳಿಯಿತ್ತು, ತಡವಾಗಿಯಾದರೂ ಬಟ್ಟೆ ಒಣಗುತ್ತಿತ್ತು. ಖಾನಾಪುರದಲ್ಲಿ ಜೂನಿನ ಮಿರಗದ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುತ್ತದೆ ಅನ್ನುವುದೇ ಸುಳ್ಳು.

ಒಗೆದ ಬಟ್ಟೆಗೂ ಆ ಮನೆಯಲ್ಲಿ ಅಂತಸ್ತಿತ್ತು. ಮೊದಲ ಮರ್ಯಾದೆ ಮಾವನ ಧೋತ್ರಕ್ಕೆ, ಗಂಡನ ಅಂಗಿಗಳಿಗೆ. ಕೆಂಡದ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವುತ್ತಿದ್ದೆವು. ಹೊಗೆ ನಾರಿದರೂ ಒಣಗುತ್ತಿದ್ದವು. ಆಮೇಲೆ ಪಡಸಾಲೆಯ ಹಗ್ಗದ ಮೇಲೆ ಸೀರೆಗಳು. ಎಲ್ಲಕ್ಕೂ ಕೊನೆಗೆ ನಮ್ಮ ಮುಟ್ಟಿನ ಬಟ್ಟೆ. ಅವಕ್ಕೆ ಜಾಗ ಬಚ್ಚಲಿನ ಪಕ್ಕ, ಒಟ್ಟಿದ ಕಟ್ಟಿಗೆಯ ಹಿಂದೆ ಬಿಗಿದ ನಾರಿನ ಹಗ್ಗ, ಮೇಲೊಂದು ಗೋಣಿತಟ್ಟು. ಬೆಳಕಿಲ್ಲ, ಗಾಳಿಯಿಲ್ಲ. ಕೆಂಡಕ್ಕೆ ತೋರಿಸುವಂತಿಲ್ಲ, ಬೆಂಕಿಗೆ ಅಪಚಾರವಂತೆ! ಕೈ ಹಾಕಿದರೆ ಲೋಳೆ ಲೋಳೆ. ಒಮ್ಮೆ ಸಿಂಬಳದ ಹುಳವೊಂದು ಬಟ್ಟೆಯ ಉದ್ದಕ್ಕೂ ಹೊಳೆಯುವ ಗೆರೆ ಎಳೆದು ಮಡಿಕೆಯೊಳಗೆ ಆರಾಮಾಗಿ ಮಲಗಿತ್ತು. ಅದನ್ನು ಕೊಡವಿ, ಅದೇ ಬಟ್ಟೆಯನ್ನು ಮತ್ತೆ ತೊಳೆದು, ಹಿಂಡಿ, ಹಸಿಯಾಗಿಯೇ ಕಟ್ಟಿಕೊಂಡೆ. ಬೇರೆ ಇರಲಿಲ್ಲ.

ಹುಳಕ್ಕಿಂತ ಹೆಚ್ಚು ನನಗೆ ಓಕರಿಕೆ ತರುತ್ತಿದ್ದುದು ಅತ್ತೆಯ ಜಂಬ. ನನ್ನನ್ನು ನೋಡಲು ಬಂದಾಗಲೇ ಅವ್ವನ ಮುಂದೆ ಎದೆಯುಬ್ಬಿಸಿ ಹೇಳಿದ್ದರು: "ಲಿಂಗ ಕಟ್ಟಿದ ಮನಿ ನಮ್ದು. ನಮ್ಮಲ್ಲಿ ಮುಟ್ಟು ಇಲ್ಲ, ಮೈಲಿಗಿ ಇಲ್ಲ. ನಿಮ್ಮ ಮಗಳು ಯಾವತ್ತೂ ಹೊರಗ ಕುಂದರೂದು ಬ್ಯಾಡ್ರಿ." ಮಾತಿಗೆ ತಪ್ಪಲಿಲ್ಲ ಅನ್ನಬೇಕು. ಆ ದಿನಗಳಲ್ಲೂ ರೊಟ್ಟಿ ಬಡಿದೆ, ಲಿಂಗಪೂಜೆ ಮಾಡಿದೆ, ಯಾರೂ ಬೇಡ ಅನ್ನಲಿಲ್ಲ. ನನಗೆ ಮೈಲಿಗೆ ಇರಲಿಲ್ಲ. ಇದ್ದದ್ದೆಲ್ಲ ಆ ತುಂಡು ಬಟ್ಟೆಗೆ.

ನನ್ನ ಎರಡನೆಯ ಮಳೆಗಾಲದಲ್ಲಿ ನಾದಿನಿ ದೊಡ್ಡವಳಾದಳು. ಏಳನೇ ಇಯತ್ತೆಯಲ್ಲಿದ್ದ ಹುಡುಗಿ. ಹಸಿರು ಸೀರೆ ಉಡಿಸಿ, ಆರತಿ ಮಾಡಿ, ಕೊಬ್ಬರಿ ಬೆಲ್ಲ ತಿನ್ನಿಸಿದರು. ಆಮೇಲೆ ಅವಳಿಗೂ ಕಟ್ಟಿಗೆಯ ಹಿಂದಿನ ಹಗ್ಗ ತೋರಿಸಿದರು. ಮುಂದಿನ ತಿಂಗಳು ಅವಳು ಕಾಲು ಅಗಲಿಸಿ ನಡೆಯತೊಡಗಿದಳು, ಶಾಲೆಗೆ ಹೋಗದೆ ಮೂಲೆ ಹಿಡಿದು ಕೂತಳು.

"ನಡ್ಯಾಕ ಆಗೂದಿಲ್ಲಂದ್ರ ಸಾಲಿ ಬಿಡಿಸಿದ್ರಾತು. ಹೆಂಗೂ ದೊಡ್ಡಾಕಿ ಆಗ್ಯಾಳ" ಎಂದರು ಅತ್ತೆ, ಅಕ್ಕಿ ಆರಿಸುತ್ತಲೇ.

ನಾನು ಅವಳನ್ನು ಬಚ್ಚಲಿಗೆ ಕರೆದೊಯ್ದು ನೋಡಿದೆ. ತೊಡೆಯ ಸಂದು ಕೆಂಪಗೆ ಸುಲಿದು ನೀರು ಒಸರುತ್ತಿತ್ತು.

"ವೈನಿ, ಹಸೀದು ಕಟ್ಟಿದ್ರ ಉರೀತೈತ್ರಿ. ಒಣಗಿದ್ದು ಸಿಕ್ರ ನಾ ಸಾಲಿಗೆ ಹೋಗ್ತೀನ್ರಿ" ಎಂದು ಅತ್ತಳು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತಾರೆ. ಅವಳ ಅಳು ಕೇಳಿ ಅತ್ತೆಯ ಮೇಲೆ ನನ್ನ ಮೈ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಮಳೆ ಹೊಳವಾಯಿತು. ಬಿಸಿಲು ಕಂಡದ್ದೇ ತಡ, ಓಣಿಯ ಹೆಂಗಸರೆಲ್ಲ ಬಟ್ಟೆ ಹೊತ್ತು ಹೊರಬಿದ್ದರು. ಅತ್ತೆ ಮುಂದಿನ ಅಂಗಳದ ಹಗ್ಗದ ಮೇಲೆ ಮಾವನ ಧೋತ್ರ ಹರವಿದರು. ನಾನು ಕಟ್ಟಿಗೆಯ ಹಿಂದಿನಿಂದ ನಾದಿನಿಯ ಬಟ್ಟೆಗಳನ್ನು ತಂದು ಅದರ ಪಕ್ಕದಲ್ಲೇ ಹಾಕಿದೆ.

"ಏ, ಹುಚ್ಚು ಹಿಡದೈತೇನ ನಿನಗ? ಮಂದಿ ಏನ ಅಂದಾರು?"

"ನಮ್ಮಲ್ಲಿ ಮೈಲಿಗಿ ಇಲ್ಲ ಅಂತೀರಲ್ರಿ ಅತ್ತಿ."

"ಮೈಲಿಗಿ ಬ್ಯಾರೆ, ಮಾನ ಬ್ಯಾರೆ!" ಎಂದು ಮುಖ ತಿರುಗಿಸಿ ಒಳಗೆ ಹೋದರು. ಬಟ್ಟೆ ತೆಗೆಯಲಿಲ್ಲ. ತೆಗೆಯಬೇಕೆಂದರೆ ಮುಟ್ಟಬೇಕಿತ್ತಲ್ಲ.

ನಾನು ಜೋಳ ಬೀಸಿಸಲು ಗಿರಣಿಗೆ ಹೋದೆ. ತಿರುಗಿ ಬರುವಾಗ ಆಕಾಶ ಕಪ್ಪಿಟ್ಟಿತು. "ಪಾವುಸ್ ಆಲಾ!" ಮಳೆ ಬಂತೆಂದು ಬಾಜು ಮನೆಯಾಕೆ ಮರಾಠಿಯಲ್ಲಿ ಕೂಗಿದ್ದು ಓಣಿಯ ತುದಿಯವರೆಗೂ ಕೇಳಿಸಿತು. ಹಿಟ್ಟಿನ ಡಬ್ಬಿಗೆ ಸೆರಗು ಮುಚ್ಚಿಕೊಂಡು ಓಡಿದೆ. ಅತ್ತೆ ಮನೆಯಲ್ಲೇ ಇದ್ದಾರೆ, ಹೇಗೋ ಬಟ್ಟೆ ಎತ್ತಿಟ್ಟಿರುತ್ತಾರೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಧೋತ್ರ ಒಳಗೆ ಹೋಗಿತ್ತು. ಸೀರೆಗಳು ಒಳಗೆ ಹೋಗಿದ್ದವು. ಕಾಲೊರೆಸುವ ತಟ್ಟನ್ನು ಕೂಡ ಮರೆಯದೆ ಎತ್ತಿಟ್ಟಿದ್ದರು. ಹುಡುಗಿಯ ಬಟ್ಟೆಗಳು ಮಾತ್ರ ಹಗ್ಗದ ಮೇಲೆ ತೊಟ್ಟಿಕ್ಕುತ್ತ ನೇತಾಡುತ್ತಿದ್ದವು. ಥೂ ಅನ್ನಿಸಿತು. ಕಾಲಿನ ಕೆಸರಿಗಿಂತ ಕಡೆಯೇ ನಾವು?

ನಾದಿನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಾ ತರಾಕ ಹೊಂಟಿದ್ನಿರಿ. ಓಣ್ಯಾಗ ಗಂಡಸರು ಅದಾರ ಅಂತ ಅವ್ವ ಬಿಡಲಿಲ್ಲ" ಎಂದಳು.

ಒಳಗೆ ಅತ್ತೆ ಮಾವನ ಧೋತ್ರವನ್ನು ನೀಟಾಗಿ ಮಡಚುತ್ತಿದ್ದರು. ಡಬ್ಬಿ ಕೆಳಗಿಟ್ಟೆ. ಅವರ ಕೈಯಿಂದ ಧೋತ್ರ ಎಳೆದುಕೊಂಡು, ಅಂಚಿಗೆ ಹಲ್ಲು ಹಚ್ಚಿ, ಚರ್ರನೆ ಹರಿದೆ. ಇನ್ನೊಂದು ಪಟ್ಟಿ, ಮತ್ತೊಂದು. ಬಿಸಿಲಿನ ಬಿಸುಪು ಇನ್ನೂ ಅದರಲ್ಲಿತ್ತು. ಎಲ್ಲವನ್ನೂ ನಾದಿನಿಯ ಕೈಗೆ ಕೊಟ್ಟೆ.

"ಅಯ್ಯ ಶಿವನ! ಚಲೋತ್ನಾಗಿ ಒಣಗಿದ್ದ ಧೋತ್ರ ಹರದ್ಯಲ್ಲ!" ಅತ್ತೆ ಚೀರಿದರು.

"ಒಣಗೈತಿ ಅಂತನ ಹರದೀನ್ರಿ" ಎಂದೆ.