ಹೊಸಿಲಾಚೆ ಇಟ್ಟ ಚೀಲ

ನನ್ನ ಅಮ್ಮನನ್ನು ಕರೆದುಕೊಂಡು ಊರು ಸುತ್ತುವುದಕ್ಕಿಂತ ಒಂದು ಮದುವೆ ದಿಬ್ಬಣ ಹೊರಡಿಸುವುದು ಸುಲಭ. ದಿಬ್ಬಣಕ್ಕಾದರೂ ಒಂದೇ ಮುಹೂರ್ತ. ಅಮ್ಮನಿಗೆ ತರಕಾರಿ ತರಲು ಹೊರಡುವುದಕ್ಕೂ ಗಳಿಗೆ ನೋಡಬೇಕು.

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ಆಗ ನಾವು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸಿನಲ್ಲಿದ್ದೆವು. ಅಮ್ಮ ಮೈಸೂರಿನಿಂದ ಆರು ವಾರಕ್ಕೆ ಬಂದಿದ್ದಳು. ಪೆಟ್ಟಿಗೆಯಲ್ಲಿ ಹುಳಿಪುಡಿ, ಚಟ್ನಿಪುಡಿ, ಹಪ್ಪಳ ಎಲ್ಲದರ ಮೇಲೆ ಒಂದು ಗೋಡೆ ಕ್ಯಾಲೆಂಡರನ್ನೂ ಸುರುಳಿ ಸುತ್ತಿ ತಂದಿದ್ದಳು. ಮೊದಲ ದಿನವೇ ಅದನ್ನು ನಮ್ಮ ಅಡುಗೆಮನೆಯ ಬಾಗಿಲಿಗೆ ತಗುಲಿಸಿದಳು. ಅಲ್ಲಿಂದ ಮುಂದೆ ಮನೆಯ ಯಜಮಾನಿಕೆ ಆ ಕ್ಯಾಲೆಂಡರಿನದು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ, ಮಗು ಸ್ಕೂಲಿಗೆ ಹೇಗೆ ಹೋಗುತ್ತಾಳೆ ಎಂದು ಅವಳ ಚಿಂತೆ. ಸ್ಕೂಲಿನವರು ರಾಹುಕಾಲ ಕೇಳಿ ಗಂಟೆ ಹೊಡೆಯುತ್ತಾರಾ ಎಂದು ನನ್ನ ಸಿಡುಕು.

ಈ ಸಿಡುಕಿಗೆ ಒಂದು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ನಾಲ್ಕು ವರ್ಷ ಹಿಂದೆ, ನಾನು ರಜೆಗೆ ಮೈಸೂರಿಗೆ ಹೋಗಿದ್ದಾಗ, ಒಂದು ಸೋಮವಾರ ಬೆಳಿಗ್ಗೆ ಅಪ್ಪನಿಗೆ ಎದೆನೋವು ಬಂತು. ಗಂಟೆ ಏಳು ಮುಕ್ಕಾಲು. ಒಂಬತ್ತಾಗಲಿ, ಆಮೇಲೆ ಆಸ್ಪತ್ರೆಗೆ ಹೊರಡೋಣ ಎಂದಳು ಅಮ್ಮ. "ನಿನ್ನ ರಾಹುಕಾಲಕ್ಕಿಷ್ಟು ಬೆಂಕಿ ಹಾಕ" ಎಂದು ಕಿರುಚಿ, ಅಪ್ಪನನ್ನು ಆಟೋಗೆ ಹತ್ತಿಸಿಕೊಂಡು ಹೋದವಳು ನಾನು. ಮೂರನೇ ದಿನ ಅಪ್ಪ ಹೋದರು. ಅಮ್ಮ ಆ ಬೆಳಗಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಅವಳು ಗಡಿಯಾರ ನೋಡಿದಾಗಲೆಲ್ಲ ನನ್ನನ್ನೇ ದೂರುತ್ತಿದ್ದಾಳೆ ಅನ್ನಿಸುತ್ತಿತ್ತು. ಕೇಳಲು ಧೈರ್ಯವಿರಲಿಲ್ಲ, ಹಾಗಾಗಿ ಸಿಡುಕುತ್ತಿದ್ದೆ.

ಅವಳು ಹಿಂತಿರುಗುವ ವಾರ, ಗಂಡನಿಗೆ ರಜೆ ಸಿಗಲಿಲ್ಲವೆಂದು ಅಮ್ಮನನ್ನೂ ಒಂಬತ್ತು ವರ್ಷದ ಮಗಳನ್ನೂ ನಾನೇ ಲಂಕಾವಿ ದ್ವೀಪಕ್ಕೆ ಕರೆದುಕೊಂಡು ಹೋದೆ. ಕಡಲ ದಂಡೆಯ ರೆಸಾರ್ಟಿನಲ್ಲಿ ಎರಡು ರಾತ್ರಿ. ಅಲ್ಲಿಂದ ಶನಿವಾರ ಬೆಳಿಗ್ಗೆ ಫೆರಿ ಹಿಡಿದರೆ ಮೂರು ಗಂಟೆಯಲ್ಲಿ ಪೆನಾಂಗಿನ ಹಳೇ ಪಟ್ಟಣ ಜಾರ್ಜ್ ಟೌನ್. ಅಲ್ಲಿ ಚೀನೀಯರು ಸಮುದ್ರದೊಳಗೆ ಕಂಬ ನೆಟ್ಟು, ಮೇಲೆ ಹಲಗೆ ಹಾಸಿ ಕಟ್ಟಿಕೊಂಡ ಮನೆಗಳ ಸಾಲುಗಳಿವೆ. ಫೋನಿನಲ್ಲಿ ಅದರ ಚಿತ್ರ ನೋಡಿದ್ದೇ ಅಮ್ಮ, "ನೀರಿನ ಮೇಲೆ ಹೊಸಿಲು ಹೇಗೆ ಕೂರಿಸ್ತಾರೆ? ರಂಗೋಲಿ ಎಲ್ಲಿ ಹಾಕ್ತಾರೆ?" ಎಂದು ಹಿಡಿದ ಪಟ್ಟು ಬಿಟ್ಟಿರಲಿಲ್ಲ. ಆರು ವಾರದಲ್ಲಿ ಅವಳಾಗಿ ಕೇಳಿದ್ದು ಅದೊಂದೇ. ಭಾನುವಾರ ರಾತ್ರಿ ಕೌಲಾಲಂಪುರದಿಂದ ಅವಳ ವಿಮಾನ. ಶನಿವಾರದ ಫೆರಿ ತಪ್ಪಿದರೆ ಆ ಮನೆಗಳೂ ತಪ್ಪಿದವು.

ಫೆರಿ ಹತ್ತೂವರೆಗೆ. ಅದು ಹೊರಡುವ ಕುವಾ ಜೆಟ್ಟಿಗೆ ನಲವತ್ತು ನಿಮಿಷದ ದಾರಿ. ಟ್ಯಾಕ್ಸಿಗೆ ಒಂಬತ್ತೂಕಾಲಕ್ಕೆ ಹೇಳಿದ್ದೆ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಎಂದು ಅಮ್ಮ ಹಿಂದಿನ ಸಂಜೆಯೇ ಶುರು ಮಾಡಿದಳು. ನನ್ನ ಪಿತ್ತ ನೆತ್ತಿಗೇರಿತು. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ಪ್ರಸ್ಥಾನ ಇಡುವುದು. ನಮ್ಮ ಕಡೆ ಇದು ಹಳೆಯ ಪದ್ಧತಿ. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲೇ ಒಂದು ಚೀಲವನ್ನು ಹೊಸಿಲಾಚೆ ಇಟ್ಟುಬಿಡುವುದು. ಚೀಲ ಹೊರಟರೆ ನಾವು ಹೊರಟಂತೆ, ಆಮೇಲೆ ಯಾವಾಗ ಕಾಲಿಟ್ಟರೂ ದೋಷವಿಲ್ಲ. ಏನಾದರೂ ಇಟ್ಟುಕೋ ತಾಯಿ, ಟ್ಯಾಕ್ಸಿ ಹತ್ತಿದರೆ ಸಾಕು ಎಂದೆ.

ಬೆಳಿಗ್ಗೆ ಅಮ್ಮ ಮೊಮ್ಮಗಳನ್ನು ಎಬ್ಬಿಸಿಕೊಂಡು ಸೂರ್ಯೋದಯ ನೋಡಲು ಮರಳಿಗೆ ಹೋದಳು. ಈ ದೇಶದ ಸೂರ್ಯನಿಗೆ ಏಳುವ ಮನಸ್ಸೇ ಇಲ್ಲ, ಏಳೂ ಇಪ್ಪತ್ತಾಯಿತು ಎಂದು ಬೈದುಕೊಂಡೇ ಬಂದಳು. ಎಂಟೂವರೆಗೆ ರೇಷ್ಮೆ ಅಂಗಡಿಯ ಹಳೇ ಬಟ್ಟೆ ಚೀಲವೊಂದನ್ನು ಕುಟೀರದ ಮೆಟ್ಟಿಲ ಮೇಲಿಟ್ಟು ಕೈಮುಗಿದಳು. ನಾವು ತಿಂಡಿಗೆ ಹೋದೆವು.

ಒಂಬತ್ತೂ ಹತ್ತಕ್ಕೆ ಬಂದು ನೋಡಿದರೆ ಮೆಟ್ಟಿಲು ಖಾಲಿ. ಹೋದರೆ ಹೋಗಲಿ, ಒಂದು ಹಿಡಿ ಅಕ್ಕಿ, ಎರಡು ಅಡಿಕೆ ತಾನೆ ಎಂದುಕೊಂಡೆ. ಕೈಚೀಲ ತೆರೆದರೆ ಪಾಸ್‌ಪೋರ್ಟಿನ ಪುಟ್ಟ ಪೌಚು ಕಾಣಲಿಲ್ಲ.

"ಅಮ್ಮಾ, ಪಾಸ್‌ಪೋರ್ಟ್ ಪೌಚ್ ನೋಡಿದ್ಯಾ?"

"ಚೀಲದಲ್ಲಿಟ್ಟೆ ಕಣೇ. ಪ್ರಸ್ಥಾನದ ಚೀಲದಲ್ಲಿ ಪ್ರಯಾಣಕ್ಕೆ ನಿಜವಾಗಿ ಬೇಕಾದ್ದು ಇರ್ಬೇಕು. ಬರೀ ಅಕ್ಕಿ ಇಟ್ಟು ದೇವರಿಗೆ ಮೋಸ ಮಾಡೋಕಾಗತ್ತಾ?"

ಮೂವರ ಪಾಸ್‌ಪೋರ್ಟು, ಫೆರಿಯ ಟಿಕೆಟ್ಟು, ಎಲ್ಲ ಅದರಲ್ಲಿ. ಬಾಯಿಗೆ ಬಂದ ಮಾತೆಲ್ಲ ಬರೆಯುವಂಥವಲ್ಲ. ವಯಸ್ಸಾದಂತೆ ಬುದ್ಧಿ ಬರಬೇಕು, ನಿನಗೆ ಬಂದದ್ದೂ ಹೋಗುತ್ತಿದೆ ಎಂದದ್ದು ಮಾತ್ರ ನೆನಪಿದೆ. ಅಮ್ಮ ಸೆರಗು ಸರಿಮಾಡಿಕೊಂಡಳು. ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. ಅದನ್ನು ನೋಡಿ ಇನ್ನಷ್ಟು ಉರಿಯಿತು.

ರಿಸೆಪ್ಷನ್ನಿನ ಹುಡುಗಿಗೆ ತಕ್ಷಣ ಅರ್ಥವಾಯಿತು. ಆ ದಿನ ಒಂದು ಪ್ರವಾಸಿ ತಂಡ ಹೊರಡುವುದಿತ್ತು, ಎಂಟೂವರೆಗೆ ಸಾಮಾನು ಬಾಗಿಲ ಹೊರಗಿಡಿ ಎಂದು ಅವರಿಗೆಲ್ಲ ಹೇಳಿದ್ದರು. ಬ್ಯಾಟರಿ ಗಾಡಿಯವನು ಹೊರಗೆ ಕಂಡದ್ದನ್ನೆಲ್ಲ ತುಂಬಿಕೊಂಡು ಹೋಗಿದ್ದ. ತಂಡದ ಬಸ್ಸು ಹೊರಟು ಕಾಲು ಗಂಟೆಯಾಗಿತ್ತು. ಅವಳು ಗೈಡಿಗೆ ಫೋನು ಮಾಡಿ, ನಗುತ್ತ, ಆ ದೇಶದವರು ಮಾತಿನ ಕೊನೆಗೆಲ್ಲ ಹಚ್ಚುವ ಲಾ ಸೇರಿಸಿ, "ಡೋಂಟ್ ವರಿ ಲಾ, ಸೇಮ್ ಜೆಟ್ಟಿ" ಎಂದಳು. ನಾನು ನಗಲಿಲ್ಲ.

ಟ್ಯಾಕ್ಸಿಯಲ್ಲಿ ನಲವತ್ತು ನಿಮಿಷ. ಎಡಕ್ಕೆ ಗದ್ದೆ, ಅಡ್ಡಡ್ಡ ಬರುವ ಎಮ್ಮೆಗಳು, ಒಂದೊಂದು ಎಮ್ಮೆಗೂ ನಿಂತು ದಾರಿ ಬಿಡುವ ಧರ್ಮಾತ್ಮ ಚಾಲಕ. ಗೈಡು ಬೇರೆ ದೋಣಿ ಹತ್ತಿಬಿಟ್ಟಿದ್ದರೆ? ಪಾಸ್‌ಪೋರ್ಟಿಲ್ಲದೆ ಭಾನುವಾರ ಅಮ್ಮ ವಿಮಾನ ಹತ್ತುವುದು ಹೇಗೆ?

ಜೆಟ್ಟಿಗೆ ಬಂದಾಗ ಹತ್ತು ದಾಟಿತ್ತು. ಗೇಟಿನ ಬಳಿ ಆ ಗೈಡು, ದಪ್ಪ ಕನ್ನಡಕದ ಚೀನೀ ಹೆಂಗಸು, ತಂಡದ ಬಾವುಟದ ಕೋಲಿಗೇ ನಮ್ಮ ಚೀಲವನ್ನು ಸಿಕ್ಕಿಸಿ ಎತ್ತಿ ಹಿಡಿದಿದ್ದಳು. ಮೈಸೂರಿನ ರೇಷ್ಮೆ ಅಂಗಡಿಯ ಅಕ್ಷರಗಳು ಕುವಾ ಜೆಟ್ಟಿಯ ಗಾಳಿಗೆ ಹಾರಾಡುತ್ತಿದ್ದವು. ಪೌಚು ಹಾಗೇ ಇತ್ತು. ನಾನು ಥ್ಯಾಂಕ್ಸ್ ಹೇಳುವುದರೊಳಗೆ ಅಮ್ಮ ಆಕೆಯ ಕೈಗೆ ಎರಡು ಅಡಿಕೆ ಇಟ್ಟಾಗಿತ್ತು. ಓಡಿ ಹತ್ತಿದೆವು, ಹಿಂದೆಯೇ ಗೇಟು ಮುಚ್ಚಿದರು.

"ನೋಡಿದ್ಯಾ? ಚೀಲ ಮುಂಚೇನೇ ಬಂದು ನಮಗೋಸ್ಕರ ಕಾಯ್ತಿತ್ತು" ಎಂದಳು ಅಮ್ಮ, ಸೀಟಿನಲ್ಲಿ ಕೂರುತ್ತಲೇ. ನಾನು ಮುಖ ಗಂಟಿಕ್ಕಿ ಕಿಟಕಿಯ ಕಡೆ ತಿರುಗಿಕೊಂಡೆ.

ಫೆರಿಯ ಒಳಗೆ ಮೂಳೆ ಕೊರೆಯುವ ಏಸಿ. ದಡ ದಾಟಿದ್ದೇ ದೋಣಿ ಹೊಯ್ದಾಡತೊಡಗಿತು. ಸಿಬ್ಬಂದಿಯವನೊಬ್ಬ ವಾಂತಿಗೆಂದು ಪ್ಲಾಸ್ಟಿಕ್ ಕವರು ಹಂಚುತ್ತ ಬಂದ. ಹೊತ್ತು ಕಳೆಯಲು ಮಗಳು ರಾಹುಕಾಲವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂದು ಅಜ್ಜಿಯನ್ನು ಕೇಳಿದಳು. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಎಂಟು ಪಾಲು, ಒಂದೊಂದು ವಾರಕ್ಕೆ ಒಂದೊಂದು ಪಾಲು ರಾಹುವಿನದು, ಶನಿವಾರ ಮೂರನೆಯದು ಎಂದು ಅಮ್ಮ ಸಂಭ್ರಮದಿಂದ ವಿವರಿಸಿದಳು. "ಮೊದಲಿನ ಎರಡು ಪಾಲಿಗೆ ಮೂರು ಗಂಟೆ. ಬೆಳಿಗ್ಗೆ ಆರಕ್ಕೆ ಮೂರು ಸೇರಿಸು, ಒಂಬತ್ತು."

ಮಗಳು ಬೆರಳು ಮಡಿಚಿದಳು. "ಬಟ್ ಅಜ್ಜಿ, ಹಿಯರ್ ಸನ್‌ರೈಸ್ ಈಸ್ ಸೆವೆನ್ ಟ್ವೆಂಟಿ. ಸೋ, ಟೆನ್ ಟ್ವೆಂಟಿ. ರಾಹುಕಾಲ ಈಸ್ ನೌ!"

ಆರು ವಾರ ಮೈಸೂರಿನ ಕ್ಯಾಲೆಂಡರು, ಮಲೇಶಿಯಾದ ಗಡಿಯಾರ. ಇಷ್ಟೆಲ್ಲ ರಂಪ ಮಾಡಿ, ಸರಿಯಾಗಿ ರಾಹುಕಾಲದಲ್ಲೇ ಸಮುದ್ರಕ್ಕೆ ಇಳಿದಿದ್ದೆವು. ಸುಮ್ಮನಿರೇ ಎಂದು ಮಗಳ ತೊಡೆ ಚಿವುಟಿದೆ. ಅಮ್ಮ ಮಡಿಲಲ್ಲಿದ್ದ ಚೀಲದ ಹಿಡಿ ಸವರುತ್ತ ಕೂತಳು.

"ಅವತ್ತೂ ರಾಹುಕಾಲದಲ್ಲೇ ಹೊರಟಿದ್ವಿ" ಎಂದಳು.

ಬಂತಪ್ಪಾ ಎಂದುಕೊಂಡೆ. ನಾಲ್ಕು ವರ್ಷ ಕಾದ ಮಾತು, ನಡುನೀರಿನಲ್ಲಿ ಬಂತು, ಎದ್ದು ಹೋಗಲೂ ಜಾಗವಿಲ್ಲ.

"ನೀನು ಎಳ್ಕೊಂಡು ಹೋಗದೇ ಇದ್ದಿದ್ರೆ ನಾನು ಒಂಬತ್ತರವರೆಗೂ ಅವರನ್ನ ಮನೇಲೇ ಕೂರಿಸಿರ್ತಿದ್ದೆ" ಎಂದಳು ಅಮ್ಮ. "ಅರ್ಧ ಗಂಟೆ ತಡ ಆಗಿದ್ರೂ ದಾರೀಲೇ ಹೋಗಿರ್ತಿದ್ರು ಅಂದ್ರು ಡಾಕ್ಟ್ರು. ನಿನ್ನಿಂದ ನಂಗೆ ಎರಡು ದಿನ ಸಿಕ್ತು. ನೀನು ಔಷಧಿ ತರೋಕೆ ಅಂತ ಓಡಾಡ್ತಿದ್ದಾಗ ಎಷ್ಟು ಮಾತಾಡಿದ್ರು ಗೊತ್ತಾ? ಹುರುಳಿ ಸಾರು ಚೆನ್ನಾಗಿ ಮಾಡ್ತೀಯ ಅಂದ್ರು. ಮದುವೆಯಾದಾಗಿಂದ ಅದೇ ಮೊದಲು ಹಾಗಂದಿದ್ದು."

ನನಗೆ ಮೊದಲು ಬಂದದ್ದು ಕೋಪವೇ. "ನಾಲ್ಕು ವರ್ಷದಿಂದ ಇದನ್ನ ಹೇಳೋಕೆ ಏನಾಗಿತ್ತಮ್ಮ ನಿಂಗೆ?"

"ನೀನು ಎಲ್ಲಿ ಕೂತು ಕೇಳಿದೆ? ಯಾವಾಗ್ಲೂ ಅವಸರ, ಯಾವಾಗ್ಲೂ ಸಿಡಿಸಿಡಿ."

"ಮತ್ತೆ ಇನ್ನೂ ಯಾಕೆ ಆ ರಾಹುಕಾಲ ಹಿಡ್ಕೊಂಡು ಸಾಯ್ತೀಯ?"

"ನಂಗೋಸ್ಕರ ಅಲ್ಲ ಕಣೇ. ನೀನು ಎಲ್ಲಾದ್ರಲ್ಲೂ ನುಗ್ತೀಯ. ಒಬ್ಬರಾದ್ರೂ ಹೊತ್ತು ನೋಡ್ಬೇಕಲ್ಲ."

ಮುಂದಿನ ಸೀಟಿಗೆ ಹಣೆಯೊತ್ತಿ ಬಿಕ್ಕಿಬಿಕ್ಕಿ ಅತ್ತೆ. ಸಿಬ್ಬಂದಿಯವನು ಓಡಿ ಬಂದು ಇನ್ನೆರಡು ಪ್ಲಾಸ್ಟಿಕ್ ಕವರು ನನ್ನ ಕೈಗೆ ತುರುಕಿದ. ಅವನಿಗೆ ಹೇಗೆ ವಿವರಿಸಲಿ, ತೆಗೆದುಕೊಂಡೆ. ಅಮ್ಮ ಬೆನ್ನು ನೀವುತ್ತಿದ್ದಳು.

ಒಂದೂವರೆಯ ಹೊತ್ತಿಗೆ ಜಾರ್ಜ್ ಟೌನು ಕಂಡಿತು, ಹಳೇ ಗಡಿಯಾರ ಗೋಪುರ, ಕೆಂಪು ಹೆಂಚಿನ ಮಾಡುಗಳು. ದೋಣಿ ದಡಕ್ಕೆ ತಾಗಿದ್ದೇ ಜನ ಎದ್ದು ನೂಕತೊಡಗಿದರು. ನಾನು ಮುಖ ತೊಳೆದು ಬರುವಷ್ಟರಲ್ಲಿ ಅಮ್ಮ ಮಗಳನ್ನು ಕರೆದುಕೊಂಡು ಬಾಗಿಲಿಗೆ ಹೋಗಿ ನಿಂತಿದ್ದಳು.

"ಬೇಗ ಬಾರೇ, ಆ ಮನೆಗಳನ್ನ ನೋಡ್ಬೇಕು" ಎಂದು ಅಲ್ಲಿಂದಲೇ ಕೂಗಿದಳು.

ಚೀಲ ಸೀಟಿನ ಮೇಲೇ ಬಿಟ್ಟಿದ್ದಳು. ನಾನು ಅದನ್ನು ಎತ್ತಿಕೊಂಡೆ.