ವಕೀಲರು ತಂದ ಪುರಾವೆ

ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಓಣಿಯ ವಕೀಲರು ಮೇಜು ಗುದ್ದಿಯೇ ಮಾತಾಡುವವರು. ಯಾರೇ ಬರಲಿ, ಮೊದಲ ಮಾತು, "ಪುರಾವಾ ಎಲ್ಲೈತ್ರಿ?"

ಎಪ್ಪತ್ತರ ದಶಕದಲ್ಲಿ ಬಣ್ಣದ ಕಾರ್ಖಾನೆಯೊಂದರ ವಿಷದ ನೀರು ಹಳ್ಳಕ್ಕೆ ಸೇರಿ, ಅಕ್ಕಲಕೋಟ ಕಡೆಯ ಹಳ್ಳಿಯೊಂದರ ಎಮ್ಮೆಗಳು ಸತ್ತವು. ಮನೆಯ ಲಕ್ಷ್ಮಿಯೆಂದು ಜನ ಅವಕ್ಕೆ ಅರಿಸಿನ ಕುಂಕುಮ ಹಚ್ಚಿ, ಸರಕಾರಿ ಪಂಚನಾಮೆ ಆಗುವ ಮೊದಲೇ ಹುಗಿದುಬಿಟ್ಟರು. ಅವರ ಪರವಾಗಿ ನಮ್ಮ ವಕೀಲರು ಪರಿಹಾರದ ದಾವೆ ಹೂಡಿದಾಗ ಕಾರ್ಖಾನೆಯ ವಕೀಲ, "ಸತ್ತದ್ದು ಯಾರು ನೋಡ್ಯಾರ? ಮಾರ್ಕೊಂಡಾರ" ಎಂದು ನಕ್ಕ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮುಂದಿನ ತಾರೀಖಿಗೆ ನಮ್ಮ ವಕೀಲರು ಒಂದು ಎಮ್ಮೆಯ ತಲೆಯನ್ನು ಅಗೆಸಿ ತೆಗೆಸಿ, ಗೋಣಿಚೀಲದಲ್ಲಿ ಸೊಲ್ಲಾಪುರದ ಕೋರ್ಟಿಗೆ ತಂದು ಮೇಜಿನ ಮೇಲಿಟ್ಟರು. ಕಾರ್ಖಾನೆಯ ವಕೀಲ ಮೂಗು ಮುಚ್ಚಿಕೊಂಡು, "ಥೂ, ನಾರತೈತಿ, ಹೊರಗ ಒಯ್ರಿ!" ಎಂದು ಚೀರಿದ.

ನಮ್ಮ ವಕೀಲರು ಮೇಜು ಗುದ್ದಿ, ನ್ಯಾಯಾಧೀಶರತ್ತ ತಿರುಗಿದರು. "ಸಾಹೇಬ್ರ, ಇವರ ಮೂಗಿಗೆ ಪುರಾವಾ ಸಿಕ್ತು. ಬರ್ಕೊಳ್ರಿ!"